ಕಳ್ಳ ಅಂತ ನಂಬಿಯೇ ಒಲಿದವಳು

ಈ ಸಲದ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಸಿನಿಮಾದ ಬಗ್ಗೆ. ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶನದ ‘ಟು ಕ್ಯಾಚ್ ಎ ಥೀಫ್’, 1955ರದ್ದು. ಕ್ಯಾರಿ ಗ್ರಾಂಟ್, ಗ್ರೇಸ್ ಕೆಲ್ಲಿ, ಫ್ರಾನ್ಸಿನ ಕಡಲತೀರ, ಕಾಣೆಯಾಗುವ ವಜ್ರಗಳು. ಇಷ್ಟೊಂದು ಜನ ಇದನ್ನು ನೋಡಿದ್ದೀರಿ, ನೋಡಿ ಜಗಳಕ್ಕೂ ಬಂದಿದ್ದೀರಿ, ನನಗೆ ತುಂಬಾ ಖುಷಿಯಾಯಿತು. ಹಾಗಾಗಿ ಪುಟ ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ. ಇನ್ನೂ ನೋಡದವರಿಗೆ ಒಂದು ಮಾತು: ಕೊನೆಯ ಕೆಲವು ಉತ್ತರಗಳಲ್ಲಿ ಕಳ್ಳ ಯಾರು ಅನ್ನೋದು ಬರುತ್ತದೆ. ಅಲ್ಲಿ ಮತ್ತೊಮ್ಮೆ ಎಚ್ಚರಿಸುತ್ತೇನೆ.

ಪ್ರಶ್ನೆ: ಸಿನಿಮಾ ನೋಡಿಲ್ಲ. ಕಥೆ ಚುಟುಕಾಗಿ ಹೇಳಿ, ನೋಡಬೇಕೋ ಬೇಡವೋ ಆಮೇಲೆ ತೀರ್ಮಾನ ಮಾಡುತ್ತೇನೆ.

ಜಾನ್ ರಾಬಿ (ಕ್ಯಾರಿ ಗ್ರಾಂಟ್) ಅಂತ ಒಬ್ಬ ಅಮೆರಿಕದವನು. ಮೊದಲು ಸರ್ಕಸ್ಸಿನಲ್ಲಿದ್ದ, ಆಮೇಲೆ ಫ್ರಾನ್ಸಿನಲ್ಲಿ ಒಡವೆ ಕಳ್ಳನಾದ. ಮಾಡಿನ ಮೇಲೆ ಸದ್ದಿಲ್ಲದೆ ನಡೆದು ಹೋಗುತ್ತಿದ್ದದ್ದಕ್ಕೆ ಎಲ್ಲರೂ ಅವನನ್ನು ‘ಬೆಕ್ಕು’ ಅಂತಲೇ ಕರೆಯುತ್ತಿದ್ದರು. ಸಿಕ್ಕಿಬಿದ್ದು ಜೈಲು ಸೇರಿದ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಿರುದ್ಧ ಗುಟ್ಟಾಗಿ ಹೋರಾಡಿದವರ ಜೊತೆ ಸೇರಿಕೊಂಡಿದ್ದರಿಂದ ಅವನಿಗೂ ಅವನ ಜೊತೆಗಾರರಿಗೂ ಷರತ್ತಿನ ಮೇಲೆ ಬಿಡುಗಡೆ ಸಿಕ್ಕಿದೆ. ಈಗ ಫ್ರಾನ್ಸಿನ ದಕ್ಷಿಣ ಕಡಲತೀರವಾದ ರಿವಿಯೆರಾದ ಗುಡ್ಡದ ಮೇಲೊಂದು ಮನೆ ಮಾಡಿಕೊಂಡು ದ್ರಾಕ್ಷಿ, ಹೂವು ಬೆಳೆಸಿಕೊಂಡು ತೆಪ್ಪಗಿದ್ದಾನೆ. ಅಷ್ಟರಲ್ಲಿ ಕೆಳಗಿನ ಹೋಟೆಲುಗಳಲ್ಲಿ ಶ್ರೀಮಂತರ ಒಡವೆಗಳು ಒಂದೊಂದಾಗಿ ಮಾಯವಾಗತೊಡಗುತ್ತವೆ. ಕೈಚಳಕವೆಲ್ಲ ಥೇಟ್ ಅವನದ್ದೇ. ಕದಿಯುತ್ತಿರುವವನು ಮಾತ್ರ ಅವನಲ್ಲ. ತಾನು ನಿರಪರಾಧಿ ಅಂತ ತೋರಿಸಬೇಕಾದರೆ ಆ ನಕಲಿ ಬೆಕ್ಕನ್ನು ಅವನೇ ಹಿಡಿಯಬೇಕು. ನಡುವೆ ಫ್ರಾನ್ಸಸ್ ಸ್ಟೀವನ್ಸ್ (ಗ್ರೇಸ್ ಕೆಲ್ಲಿ) ಎಂಬ ಶ್ರೀಮಂತ ಅಮೆರಿಕನ್ ಹುಡುಗಿ ಬರುತ್ತಾಳೆ. ಡೇವಿಡ್ ಡಾಜ್ 1952ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ, ಚಿತ್ರಕಥೆ ಜಾನ್ ಮೈಕಲ್ ಹೇಯ್ಸ್ ಅವರದ್ದು. ಖಂಡಿತ ನೋಡಿ.

ಪ್ರಶ್ನೆ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗಾಯಿತಲ್ಲ! ರಾಬಿ ತಪ್ಪು ಮಾಡಿಲ್ಲ ಅಂದಮೇಲೆ ಪೊಲೀಸರು ಬಂದಾಗ ಓಡಿಹೋಗೋದು ಯಾಕೆ?

ಒಳ್ಳೆಯ ಪ್ರಶ್ನೆ, ಇಡೀ ಕಥೆ ನಿಂತಿರೋದೇ ಈ ಗಂಟಿನ ಮೇಲೆ. ಅವನು ಪೂರ್ತಿ ಬಿಡುಗಡೆಯಾದವನಲ್ಲ, ಷರತ್ತಿನ ಮೇಲೆ ಹೊರಗಿದ್ದಾನೆ. ಒಂದು ಸಲ ಒಳಗೆ ಹಾಕಿದರೆ ಅವನ ಪರವಾಗಿ ಹೊರಗೆ ನಿಂತು ನಿಜ ಹುಡುಕುವವರು ಯಾರೂ ಇಲ್ಲ. ಅವನ ಹಳೆಯ ಜೊತೆಗಾರರನ್ನೇ ನೋಡಿ. ಅವರಲ್ಲೊಬ್ಬನಾದ ಬೆರ್ತಾನಿ ನಡೆಸುವ ಊಟದ ಹೋಟೆಲಿನ ಅಡುಗೆಮನೆಯಲ್ಲಿ ಉಳಿದವರೆಲ್ಲ ಕೆಲಸಕ್ಕಿದ್ದಾರೆ, ರಾಬಿ ಒಳಗೆ ಕಾಲಿಟ್ಟ ಕೂಡಲೇ ಆ ಮುಖಗಳು ಹೇಗೆ ಬಿಗಿಯುತ್ತವೆ! ಯುದ್ಧದಲ್ಲಿ ಹೆಗಲಿಗೆ ಹೆಗಲು ಕೊಟ್ಟವರು ಇವರು. ಆದರೆ ಇವನು ಮತ್ತೆ ಕದಿಯಲು ಶುರುಮಾಡಿದ್ದಾನೆ, ಇವನ ದೆಸೆಯಿಂದ ನಮಗೂ ಜೈಲು ಅನ್ನೋ ಸಿಟ್ಟು. ಒಬ್ಬ ಮೊಟ್ಟೆ ಎಸೆಯುತ್ತಾನೆ, ಅದು ರಾಬಿಯ ಮುಖದೆದುರಿನ ಗಾಜಿಗೆ ಬಡಿದು ಒಡೆದು ಹರಿಯುತ್ತದೆ. ಒಂದು ಮಾತಿಲ್ಲ. ಸ್ನೇಹಿತರೇ ನಂಬದಿದ್ದಾಗ ಪೊಲೀಸರು ನಂಬುತ್ತಾರಾ?

ಇನ್ನೊಂದು ಕಾರಣವೂ ಇದೆ. ನಕಲಿ ಕಳ್ಳ ಮುಂದೆ ಯಾರ ಒಡವೆಗೆ ಕೈಹಾಕುತ್ತಾನೆ ಅಂತ ಊಹಿಸಬಲ್ಲವನು ರಾಬಿ ಒಬ್ಬನೇ, ಯಾಕೆಂದರೆ ಅವನೇ ಆಗಿದ್ದರೂ ಅಲ್ಲಿಗೇ ಕೈಹಾಕುತ್ತಿದ್ದ. ಅದಕ್ಕೇ ಅವನು ಲಂಡನ್ನಿನ ಲಾಯ್ಡ್ಸ್ ವಿಮೆಯವರ ಪ್ರತಿನಿಧಿ ಹ್ಯೂಸನ್ ಹತ್ತಿರ, ದುಬಾರಿ ಒಡವೆ ಇಟ್ಟುಕೊಂಡವರ ಪಟ್ಟಿ ಕೇಳುತ್ತಾನೆ. ಒಬ್ಬ ಕಳ್ಳನ ಕೈಗೆ ಅಂಥ ಪಟ್ಟಿ! ಹ್ಯೂಸನ್ ಹಿಂದೆಮುಂದೆ ನೋಡುವಾಗ ರಾಬಿ ಅವನಿಗೆ ಊಟ ಬಡಿಸಿ, ಹೋಟೆಲಿನಿಂದ ಟವೆಲ್ಲು, ಬೂದಿಬಟ್ಟಲು ಎತ್ತಿಕೊಂಡು ಹೋಗಿಲ್ವಾ ನೀವು ಅಂತ ಮೆಲ್ಲಗೆ ಕೇಳುತ್ತಾನಲ್ಲ, ಆ ಜಾಗ ನನಗೆ ಬಹಳ ಇಷ್ಟ. ಪ್ರಾಮಾಣಿಕರು ಅನ್ನಿಸಿಕೊಂಡವರಿಗೂ ಕಳ್ಳರಿಗೂ ನಡುವಿನ ಗೆರೆ ಎಷ್ಟು ತೆಳ್ಳಗಿದೆ ಅಂತ ಅಲ್ಲಿ ಸಲೀಸಾಗಿ ತೋರಿಸಿಬಿಡುತ್ತಾರೆ.

ಪ್ರಶ್ನೆ: ದೊಡ್ಡ ನಿರ್ದೇಶಕರ ಸಿನಿಮಾ ಅಂತ ಕೂತೆ. ಅರ್ಧಕ್ಕೇ ಕಳ್ಳ ಯಾರು ಅಂತ ಗೊತ್ತಾಗಿಬಿಟ್ಟಿತು. ಎದೆ ಝಲ್ಲೆನ್ನುವಂಥದ್ದು ಒಂದೂ ಇಲ್ಲ. ಇದನ್ನು ಯಾಕೆ ಹೊಗಳುತ್ತೀರಿ?

ನಿಮಗೆ ಗೊತ್ತಾಗಿದ್ದರಲ್ಲಿ ಆಶ್ಚರ್ಯವಿಲ್ಲ, ಹಿಚ್‌ಕಾಕ್ ಅದನ್ನು ಮುಚ್ಚಿಡಲು ಜಾಸ್ತಿ ಶ್ರಮಪಟ್ಟಿಲ್ಲ. ಪತ್ತೇದಾರಿ ಲೆಕ್ಕದಲ್ಲಿ ನೋಡಿದರೆ ಇದು ಅವರ ಗಟ್ಟಿ ಸಿನಿಮಾಗಳ ಸಾಲಿಗೆ ಬರೋದಿಲ್ಲ, ಒಪ್ಪುತ್ತೇನೆ. ನಡುವೆ ಓಟ ಸಡಿಲವಾಗುತ್ತದೆ. ನೀಸ್‌ನ ಹೂವಿನ ಮಾರುಕಟ್ಟೆಯಲ್ಲಿ ನಡೆಯುವ ಬೆನ್ನಟ್ಟುವ ದೃಶ್ಯ ನೋಡಲು ಚೆಂದ, ಆದರೆ ಎದೆಬಡಿತ ಏರಿಸೋದಿಲ್ಲ.

ಆದರೆ ಈ ಸಿನಿಮಾದಲ್ಲಿ ಕಳ್ಳ ಯಾರು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಫ್ರಾನ್ಸಸ್ ಪ್ರೀತಿಸುತ್ತಿರೋದು ಯಾರನ್ನು? ಅದನ್ನು ಹಿಡಿದು ಇನ್ನೊಮ್ಮೆ ನೋಡಿ. ರಾಬಿ ಅವಳಿಗೆ ತಾನು ಅಮೆರಿಕದ ಮರದ ವ್ಯಾಪಾರಿ ಅಂತ ಸುಳ್ಳು ಹೇಳಿಕೊಂಡು ಬಂದಿದ್ದಾನೆ. ಅವಳು ನಂಬೋದಿಲ್ಲ. ಇವನೇ ಆ ಹೆಸರಾಂತ ‘ಬೆಕ್ಕು’ ಅಂತ ತಾನೇ ಪತ್ತೆಮಾಡುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಕಿರುಚಿ ಪೊಲೀಸರನ್ನು ಕರೆಯುತ್ತಿದ್ದರು. ಇವಳ ಕಣ್ಣು ಮಿನುಗತೊಡಗುತ್ತದೆ. ಸುತ್ತಲೂ ದುಡ್ಡು, ಮದುವೆಯಾಗಲು ಸಾಲುಗಟ್ಟಿ ನಿಂತ ಗಂಡುಗಳು, ಯಾವುದರಲ್ಲೂ ರುಚಿಯಿಲ್ಲದೆ ಬೇಸತ್ತಿರುವ ಹುಡುಗಿಗೆ ಕೊನೆಗೂ ಒಬ್ಬ ಅಪಾಯದ ಗಂಡಸು ಸಿಕ್ಕಿದ್ದಾನೆ. ನೀನು ಕದಿ, ನಾನು ಜೊತೆಗಿರುತ್ತೇನೆ ಅನ್ನುವಷ್ಟು ಉತ್ಸಾಹ ಅವಳಿಗೆ. ಅವನೋ, ನಾನು ಕದಿಯೋದು ಬಿಟ್ಟು ಎಷ್ಟೋ ವರ್ಷವಾಯಿತು ಅಂತ ಒದ್ದಾಡುತ್ತಿದ್ದಾನೆ.

ಅಂದರೆ ಅವಳು ಮೋಹಗೊಂಡಿರೋದು ಈಗ ಇಲ್ಲದೇ ಇರುವ ಒಬ್ಬ ಕಳ್ಳನ ಮೇಲೆ. ಎದುರಿಗೆ ಇರುವವನು ತೋಟ ನೋಡಿಕೊಂಡು ನೆಮ್ಮದಿಯಿಂದಿರಲು ಬಯಸುವ ಮಧ್ಯವಯಸ್ಸಿನವನು. ಅವಳ ಅಮ್ಮನ ಒಡವೆಗಳು ನಿಜವಾಗಿಯೂ ಕಳುವಾದ ರಾತ್ರಿ ಇದೆಲ್ಲ ತಲೆಕೆಳಗಾಗುತ್ತದೆ. ಸಂಜೆಯವರೆಗೆ ಕಳ್ಳತನ ಅಂದರೆ ಅವಳಿಗೊಂದು ರೋಮಾಂಚನ, ತನ್ನ ಮನೆಯದ್ದೇ ಹೋದಾಗ ಅದೇ ಕಳ್ಳತನ ದ್ರೋಹವಾಯಿತು. ಅವಳೇ ಪೊಲೀಸರಿಗೆ ಹೇಳುತ್ತಾಳೆ. ರಾಬಿಯ ಅವಸ್ಥೆ ನೋಡಿ: ಕಳ್ಳ ಅಂತ ನಂಬಿಯೇ ಅವನಿಗೆ ಒಲಿದಳು, ಕಳ್ಳ ಅಂತ ನಂಬಿಯೇ ಅವನನ್ನು ಹಿಡಿದುಕೊಡಲು ಹೊರಟಳು. ಅವನು ಕಳ್ಳನಲ್ಲ ಅಂತ ತಿಳಿದ ಮೇಲೂ ಅವಳಿಗೆ ಅವನು ಬೇಕಾ? ನನ್ನ ಮಟ್ಟಿಗೆ ಸಿನಿಮಾ ಪೂರ್ತಿ ಕಾಯಿಸೋದು ಈ ಉತ್ತರಕ್ಕೆ. ನೀವು ಒಡವೆಗಳ ಲೆಕ್ಕ ಇಡುತ್ತಾ ಕೂತಿದ್ದಿರಿ, ಅದಕ್ಕೇ ನಿರಾಸೆಯಾಗಿದ್ದು ಅನ್ನಿಸುತ್ತದೆ.

ಪ್ರಶ್ನೆ: ಪಟಾಕಿ ದೃಶ್ಯದ ಬಗ್ಗೆ ಎಲ್ಲರೂ ಹೇಳುತ್ತಾರೆ. ಇಬ್ಬರು ಸೋಫಾ ಮೇಲೆ ಕೂತು ಮಾತಾಡುತ್ತಾರೆ, ಕಿಟಕಿಯಾಚೆ ಬಾಣಬಿರುಸು. ಅದರಲ್ಲೇನಿದೆ ಅಂಥ ವಿಶೇಷ?

ಆಗ ಹಾಲಿವುಡ್ಡಿನಲ್ಲಿ ಸಿನಿಮಾ ಉದ್ಯಮದವರೇ ಮಾಡಿಕೊಂಡಿದ್ದ ಕಟ್ಟುಪಾಡಿನ ಸಂಹಿತೆ ಜಾರಿಯಲ್ಲಿತ್ತು. ಗಂಡುಹೆಣ್ಣಿನ ನಡುವೆ ಏನು ತೋರಿಸಬಹುದು, ಏನು ಕೂಡದು ಅಂತ ಬಿಗಿ ನಿಯಮಗಳು. ಆದ್ದರಿಂದ ಹಿಚ್‌ಕಾಕ್ ಒಳಗಿನದ್ದನ್ನು ಹೊರಗೆ ತೋರಿಸಿದರು. ಕೋಣೆಯ ದೀಪಗಳು ಆರುತ್ತವೆ, ಮಾತು ಹತ್ತಿರ ಹತ್ತಿರವಾಗುತ್ತದೆ, ಒಂದೊಂದು ಮಾತಿನ ನಡುವೆ ಆಕಾಶದಲ್ಲಿ ಸಿಡಿಮದ್ದು. ಕೊನೆಗೆ ಪರದೆ ತುಂಬಾ ಬರೀ ಬೆಳಕು.

ನನ್ನ ಗಮನ ಮಾತ್ರ ಯಾವಾಗಲೂ ಹೋಗೋದು ಅವಳ ಕೊರಳಿಗೆ. ಫ್ರಾನ್ಸಸ್ ಕತ್ತಲಲ್ಲಿ ನಿಂತಿದ್ದಾಳೆ. ಮುಖಕ್ಕೆ ನೆರಳು, ಬೆಳಕು ಬಿದ್ದಿರೋದು ಹಾರದ ಮೇಲೆ ಮಾತ್ರ. ಬೇಕಾದರೆ ಕದ್ದುಕೋ ಅಂತ ಅವನನ್ನು ಕೆಣಕುತ್ತಿದ್ದಾಳೆ. ಅವನಿಗೆ ಒಂದೇ ನೋಟಕ್ಕೆ ಗೊತ್ತು, ಆ ಹಾರ ನಕಲಿ. ಹಾರ ನಕಲಿಯಾದರೇನು, ನಾನು ಅಸಲಿ ಅನ್ನುವ ಧಾಟಿಯಲ್ಲಿ ಅವಳು ಉತ್ತರ ಕೊಡುತ್ತಾಳೆ. ನಕಲಿ ಬೆಕ್ಕು, ನಕಲಿ ಹೆಸರಿನ ವ್ಯಾಪಾರಿ, ನಕಲಿ ವಜ್ರ, ಇಷ್ಟರ ಮಧ್ಯೆ ನಿಜವಾಗಿರೋದು ಆ ಹುಡುಗಿಯ ಆಸೆ ಒಂದೇ. ಬರೀ ಪಟಾಕಿಯಾಗಿದ್ದರೆ ಇಷ್ಟು ವರ್ಷ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಪ್ರಶ್ನೆ: ಕಾರು ಓಡಿಸುವಾಗ ಹಿಂದಿನ ದೃಶ್ಯ ಸುಳ್ಳು ಅಂತ ಎದ್ದು ಕಾಣುತ್ತದೆ. ಇದಕ್ಕಾ ಛಾಯಾಗ್ರಹಣದ ಆಸ್ಕರ್ ಕೊಟ್ಟಿದ್ದು?

ಕೊಟ್ಟಿದ್ದು ಸರಿಯಾಗಿಯೇ ಇದೆ. ನೀವು ಹೇಳುವ ದೋಷವೂ ನಿಜವೇ. ಹೊರಾಂಗಣದ ಚಿತ್ರೀಕರಣ 1954ರಲ್ಲಿ ರಿವಿಯೆರಾದಲ್ಲೇ ಆಯಿತು: ಕಾನ್‌ನ ಕಾರ್ಲ್‌ಟನ್ ಹೋಟೆಲ್, ನೀಸ್, ಬೆಟ್ಟದ ಅಂಚಿನ ರಸ್ತೆಗಳು. ನಟರ ಹತ್ತಿರದ ಶಾಟ್‌ಗಳನ್ನು ಮಾತ್ರ ಪ್ಯಾರಾಮೌಂಟ್ ಸ್ಟುಡಿಯೋದಲ್ಲಿ, ನಿಂತ ಕಾರಿನಲ್ಲಿ ಕೂರಿಸಿ, ಹಿಂದಿನ ಪರದೆಯ ಮೇಲೆ ರಸ್ತೆಯ ಚಿತ್ರ ಓಡಿಸಿ ತೆಗೆದರು. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹಾಗೇ. ಈಗಿನ ಕಣ್ಣಿಗೆ ಕಿರಿಕಿರಿ ಆಗುತ್ತದೆ.

ಆದರೆ ಅದೇ ಕಾರಿನ ದೃಶ್ಯವನ್ನು ಹೆಲಿಕಾಪ್ಟರಿನಿಂದ ತೆಗೆದ ಜಾಗ ನೋಡಿ. ತಿರುವು ತಿರುವಾದ ರಸ್ತೆ, ಹಿಂದೆ ಪೊಲೀಸರ ಕಾರು, ಆಚೆ ನೀಲಿ ಕಡಲು. ಇದು ವಿಸ್ಟಾವಿಷನ್ ಎಂಬ ಪದ್ಧತಿಯಲ್ಲಿ ಹಿಚ್‌ಕಾಕ್ ತೆಗೆದ ಮೊದಲ ಸಿನಿಮಾ. ಅದರಲ್ಲಿ 35 ಮಿ.ಮೀ. ಫಿಲ್ಮನ್ನೇ ಕ್ಯಾಮೆರಾದೊಳಗೆ ಮೇಲಿಂದ ಕೆಳಗೆ ಓಡಿಸುವ ಬದಲು ಅಡ್ಡಡ್ಡ ಓಡಿಸುತ್ತಾರೆ. ಒಂದೊಂದು ಚೌಕಟ್ಟಿಗೂ ಹೆಚ್ಚು ಜಾಗ ಸಿಗುತ್ತದೆ, ವಿವರ ಸ್ಫುಟವಾಗುತ್ತದೆ. ಛಾಯಾಗ್ರಾಹಕ ರಾಬರ್ಟ್ ಬರ್ಕ್ಸ್ ಹಗಲನ್ನು ಹೊಳೆಯುವ ಹಾಗೆ ತೋರಿಸಿ, ರಾತ್ರಿಯ ಮಾಡುಗಳಿಗೆ ಮಾತ್ರ ಒಂದು ವಿಚಿತ್ರ ಹಸಿರು ಛಾಯೆ ಕೊಟ್ಟಿದ್ದಾರೆ. ಆ ಹಸಿರು ಬಂದ ಕೂಡಲೇ ಕಳ್ಳನ ಹೊತ್ತು ಶುರುವಾಯಿತು ಅಂತ ನಮಗೇ ಗೊತ್ತಾಗುತ್ತದೆ. ಈಡಿತ್ ಹೆಡ್ ಅವರ ಉಡುಪುಗಳಿಗೂ ಆಸ್ಕರ್ ನಾಮನಿರ್ದೇಶನ ಬಂದಿತ್ತು, ಗೆಲ್ಲಲಿಲ್ಲ. ಕೊನೆಯ ವೇಷದ ನೃತ್ಯಕೂಟದಲ್ಲಿ ಗ್ರೇಸ್ ಕೆಲ್ಲಿ ಹಾಕಿಕೊಂಡ ಬಂಗಾರದ ಬಣ್ಣದ ಗೌನು ನೋಡಿದ ಮೇಲೆ ನನಗೆ ಅದು ಅನ್ಯಾಯ ಅಂತಲೇ ಅನ್ನಿಸುತ್ತದೆ.

ಪ್ರಶ್ನೆ: ಹೀರೋ ಅಪ್ಪನ ಹಾಗೆ ಕಾಣುತ್ತಾನೆ. ಇಬ್ಬರ ವಯಸ್ಸೆಷ್ಟು?

ಕ್ಯಾರಿ ಗ್ರಾಂಟ್ ಹುಟ್ಟಿದ್ದು 1904ರಲ್ಲಿ, ಗ್ರೇಸ್ ಕೆಲ್ಲಿ 1929ರಲ್ಲಿ. ಚಿತ್ರೀಕರಣದ ಹೊತ್ತಿಗೆ ಅವರಿಗೆ 50, ಇವರಿಗೆ 24. ಅಂತರ ದೊಡ್ಡದೇ, ನಿಮಗೆ ಕಸಿವಿಸಿ ಆಗಿದ್ದು ಸಹಜ. ಆಗಿನ ಹಾಲಿವುಡ್ ಹೀರೋಗಳ ವಯಸ್ಸನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ, ನಾಯಕಿಯರದ್ದನ್ನು ಮಾತ್ರ ಇಡುತ್ತಿತ್ತು. ಆದರೂ ಈ ಕಥೆಯಲ್ಲಿ ಒಂದು ಸಮಾಧಾನವಿದೆ. ಬೆನ್ನುಹತ್ತುವವಳು ಅವಳು. ಮೊದಲ ರಾತ್ರಿ ಕೋಣೆಯ ಬಾಗಿಲಲ್ಲಿ ಅವಳೇ ತಿರುಗಿ, ಒಂದು ಮಾತೂ ಆಡದೆ ಅವನಿಗೆ ಮುತ್ತಿಟ್ಟು ಒಳಗೆ ಹೋಗುತ್ತಾಳೆ. ಕಾರು ಓಡಿಸುವವಳೂ ಅವಳೇ, ಪಕ್ಕದಲ್ಲಿ ಕೂತ ಅವನ ಕೈ ಭಯಕ್ಕೆ ಮೊಣಕಾಲು ಹಿಸುಕುತ್ತಿರುತ್ತದೆ.

ಪ್ರಶ್ನೆ: ಗ್ರೇಸ್ ಕೆಲ್ಲಿ ಇದೇ ಸಿನಿಮಾದ ರಸ್ತೆಯಲ್ಲೇ ಸತ್ತರಂತೆ, ಹೌದಾ?

ಸುಮ್ನೆ ಹಬ್ಬಿಸಿದ ಮಾತಲ್ಲ, ಆದರೆ ಎಲ್ಲರೂ ಹೇಳುವಷ್ಟು ನೇರವಾಗಿಯೂ ಇಲ್ಲ. 1955ರ ಕಾನ್ ಚಿತ್ರೋತ್ಸವಕ್ಕೆ ಹೋದಾಗ ಅವರು ಮೊನಾಕೊದ ರಾಜಕುಮಾರ ಮೂರನೇ ರೇನಿಯೆಯನ್ನು ಭೇಟಿಯಾದರು, 1956ರ ಏಪ್ರಿಲ್‌ನಲ್ಲಿ ಮದುವೆಯಾಗಿ ಸಿನಿಮಾ ಬಿಟ್ಟರು. 1982ರ ಸೆಪ್ಟೆಂಬರ್ 13ರಂದು ಲಾ ತುರ್ಬಿ ಕಡೆಯಿಂದ ಮೊನಾಕೊಗೆ ಇಳಿಯುವ ಕಡಿದಾದ ರಸ್ತೆಯಲ್ಲಿ ಅವರ ಕಾರು ಉರುಳಿತು, ಮಾರನೆಯ ದಿನ ತೀರಿಕೊಂಡರು. ಆಗ 52 ವರ್ಷ. ಸಿನಿಮಾದ ಕಾರಿನ ದೃಶ್ಯ ನಡೆಯೋದು ಅದೇ ಬೆಟ್ಟಸಾಲಿನ ರಸ್ತೆಗಳಲ್ಲಿ. ಹಾಗಾಗಿ ಜನ ಎರಡನ್ನೂ ಸೇರಿಸಿ ಅದೇ ತಿರುವು, ಅದೇ ಜಾಗ ಅಂದುಬಿಟ್ಟರು. ದಯವಿಟ್ಟು ಸಿನಿಮಾ ನೋಡುವಾಗ ಅವರ ಸಾವನ್ನು ಹುಡುಕುತ್ತಾ ಕೂರಬೇಡಿ. ಅಲ್ಲಿ ಅವರು 24ರ ಹುಡುಗಿ, ಗಾಳಿಗೆ ಮುಖ ಕೊಟ್ಟು ನಗುತ್ತಿದ್ದಾರೆ.

ಹಿಚ್‌ಕಾಕ್ ಜೊತೆ ಇದು ಅವರ ಮೂರನೆಯ ಮತ್ತು ಕೊನೆಯ ಸಿನಿಮಾ. ಆಮೇಲೆ ‘ಮಾರ್ನಿ’ಗಾಗಿ ಹಿಚ್‌ಕಾಕ್ ಮತ್ತೆ ಕರೆದರು, ಅದು ಕೈಗೂಡಲಿಲ್ಲ. 1964ರಲ್ಲಿ ಬಂದ ಆ ಸಿನಿಮಾದಲ್ಲಿ ಟಿಪ್ಪಿ ಹೆಡ್ರೆನ್ ನಟಿಸಿದರು. ಅದರ ನಾಯಕಿಯೂ ಒಬ್ಬ ಕಳ್ಳಿ!

ಪ್ರಶ್ನೆ: ಹಿಚ್‌ಕಾಕ್ ಎಲ್ಲಿ ಕಾಣಿಸಿಕೊಳ್ಳುತ್ತಾರೆ?

ತಮ್ಮ ಸಿನಿಮಾಗಳಲ್ಲಿ ಒಂದು ಕ್ಷಣ ಮುಖ ತೋರಿಸಿ ಹೋಗೋದು ಹಿಚ್‌ಕಾಕ್ ಅಭ್ಯಾಸ. ಇಲ್ಲಿ ಶುರುವಿನಲ್ಲೇ, ಬಸ್ಸಿನಲ್ಲಿ. ರಾಬಿ ಹಿಂದಿನ ಸೀಟಿನಲ್ಲಿ ಕೂತಿದ್ದಾನೆ. ಒಂದು ಪಕ್ಕಕ್ಕೆ ಹಕ್ಕಿಯ ಪಂಜರ, ಇನ್ನೊಂದು ಪಕ್ಕಕ್ಕೆ ತಿರುಗಿದರೆ ಹಿಚ್‌ಕಾಕ್.

ಪ್ರಶ್ನೆ: ನಮ್ಮ ದೇವ್ ಆನಂದ್ ‘ಜ್ಯುವೆಲ್ ಥೀಫ್’ ಇದರ ನಕಲಾ?

ಅಲ್ಲ. ವಿಜಯ್ ಆನಂದ್ 1967ರಲ್ಲಿ ತೆಗೆದ ಆ ಹಿಂದಿ ಸಿನಿಮಾದ ಕಥೆಯೇ ಬೇರೆ. ಒಂದು ಎಳೆ ಮಾತ್ರ ಎರಡಕ್ಕೂ ಸೇರಿದ್ದು: ಯಾರೋ ಮಾಡಿದ ಕಳ್ಳತನದ ನೆರಳು ಇನ್ನೊಬ್ಬನ ಮೇಲೆ ಬೀಳೋದು. ರಾಬಿ ಹಿಂದೆ ನಿಜವಾಗಿಯೂ ಕಳ್ಳನಾಗಿದ್ದವನು. ದೇವ್ ಆನಂದ್ ಮಾಡಿದ ವಿನಯ್‌ಗೆ ಅಂಥ ಹಿನ್ನೆಲೆಯಿಲ್ಲ, ಅಮರ್ ಎಂಬ ಇನ್ನೊಬ್ಬನ ಹಾಗೇ ಇದ್ದೀಯ ಅಂತ ಜನ ಅವನನ್ನು ಹಿಡಿದುಕೊಳ್ಳುತ್ತಾರೆ. ಮಟ್ಟಸವಾದ ಬಟ್ಟೆ, ನಯವಾದ ಮಾತಿನ ಕಳ್ಳ ಅನ್ನೋ ಕಲ್ಪನೆ ಇವೆರಡಕ್ಕಿಂತಲೂ ತುಂಬಾ ಹಳೆಯದು. ಫ್ರಾನ್ಸಿನಲ್ಲೇ ಮೊರಿಸ್ ಲೆಬ್ಲಾಂಕ್ ಅವರ ಆರ್ಸೆನ್ ಲುಪಿನ್ 1905ರಲ್ಲೇ ಹುಟ್ಟಿದ್ದ. ತಿರುವುಗಳ ಲೆಕ್ಕದಲ್ಲಿ ‘ಜ್ಯುವೆಲ್ ಥೀಫ್’ ಹಿಚ್‌ಕಾಕ್‌ರ ಸಿನಿಮಾಕ್ಕಿಂತ ಗಟ್ಟಿ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ಕಳ್ಳ ಯಾರು ಅಂತ ನನಗೆ ಕೊನೆಯವರೆಗೂ ಹೊಳೆಯಲಿಲ್ಲ. ಮೊದಲೇ ಸುಳಿವು ಇತ್ತಾ? *(ನೋಡದವರು ಇಲ್ಲಿಂದ ಮುಂದೆ ಓದಬೇಡಿ.)*

ಇತ್ತು, ಧಾರಾಳವಾಗಿ. ಕದಿಯುತ್ತಿದ್ದವಳು ದಾನಿಯೆಲ್, ಬೆರ್ತಾನಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಫುಸ್ಸಾರ್‌ನ ಮಗಳು. ಎಲ್ಲದರ ಹಿಂದೆ ಇದ್ದವನು ಬೆರ್ತಾನಿ. ರಾತ್ರಿಯ ಜಟಾಪಟಿಯಲ್ಲಿ ಫುಸ್ಸಾರ್ ಸತ್ತಾಗ, ಇವನೇ ಬೆಕ್ಕು, ಪ್ರಕರಣ ಮುಗಿಯಿತು ಅಂತ ಪೊಲೀಸರು ಕೈತೊಳೆದುಕೊಳ್ಳುತ್ತಾರೆ. ಫುಸ್ಸಾರ್‌ಗೆ ಇದ್ದದ್ದು ಮರದ ಕಾಲು! ಮಾಡು ಹತ್ತುವುದೆಲ್ಲಿ ಬಂತು? ರಾಬಿ ಎತ್ತಿ ತೋರಿಸೋದು ಇದನ್ನೇ. ಶುರುವಿನಲ್ಲೇ ದೋಣಿಯಲ್ಲಿ ಅವಳು, ನಾವಿಬ್ಬರೂ ದಕ್ಷಿಣ ಅಮೆರಿಕಕ್ಕೆ ಓಡಿಹೋಗೋಣ ಅಂತ ರಾಬಿಯನ್ನು ಕರೆಯುತ್ತಾಳೆ. ನಾವು ಅದನ್ನು ಹುಡುಗಾಟ ಅಂದುಕೊಂಡು ಬಿಟ್ಟುಬಿಡುತ್ತೇವೆ.

ದಾನಿಯೆಲ್ ಬಗ್ಗೆ ಯಾರೂ ಜಾಸ್ತಿ ಮಾತಾಡೋದಿಲ್ಲ, ನನಗೆ ಅದೊಂದು ಬೇಸರ. ಫ್ರಾನ್ಸಸ್ ಕಳ್ಳತನವನ್ನು ಕನಸು ಕಾಣುತ್ತಾಳೆ, ದಾನಿಯೆಲ್ ಕಳ್ಳತನವನ್ನು ದುಡಿಮೆಯಾಗಿ ಮಾಡುತ್ತಾಳೆ. ಒಬ್ಬಳಿಗೆ ಒಡವೆ ಕೊರಳಲ್ಲೇ ಇದೆ, ಅವಳಿಗೆ ಅದರ ಆಸೆಯೇ ಇಲ್ಲ. ಇನ್ನೊಬ್ಬಳು ಅದಕ್ಕಾಗಿ ಜೀವ ಪಣಕ್ಕಿಟ್ಟು ಹೆಂಚುಗಳ ಮೇಲೆ ನಡೆಯುತ್ತಾಳೆ. ಕೊನೆಗೆ ಅವಳು ಮಾಡಿನ ಅಂಚಿನಿಂದ ನೇತಾಡುವಾಗ ರಾಬಿ ಒಂದು ಕೈ ಹಿಡಿದುಕೊಂಡು, ಕೆಳಗಿರುವವರಿಗೆಲ್ಲ ಕೇಳುವ ಹಾಗೆ ನಿಜ ಹೇಳಿಸುತ್ತಾನೆ. ಆ ಕ್ಷಣದಲ್ಲಿ ಅವನ ನಯವೆಲ್ಲ ಕಳಚಿ, ಹಳೆಯ ಗಡಸು ಮನುಷ್ಯ ಕಾಣುತ್ತಾನೆ. ಬ್ರಿಜಿತ್ ಓಬರ್ ಈ ಪಾತ್ರವನ್ನು ಎಷ್ಟು ಚುರುಕಾಗಿ ಮಾಡಿದ್ದಾರೆ ಅಂತ ಎರಡನೇ ಸಲ ನೋಡಿದಾಗ ತಿಳಿಯುತ್ತದೆ.

ಪ್ರಶ್ನೆ: ಕೊನೆಯಲ್ಲಿ ಅಮ್ಮನ ಮಾತು ಬರುತ್ತದಲ್ಲ, ಅದು ಪ್ರೀತಿಯ ಕಥೆಯನ್ನು ಹಾಳುಮಾಡಲಿಲ್ವಾ?

ಫ್ರಾನ್ಸಸ್ ರಾಬಿಯ ಹಿಂದೆಯೇ ಗುಡ್ಡದ ಮನೆಗೆ ಬಂದು, ಅವನ ತೋಳಿನಲ್ಲಿದ್ದುಕೊಂಡೇ, ಅಮ್ಮನಿಗೆ ಈ ಜಾಗ ತುಂಬಾ ಹಿಡಿಸುತ್ತದೆ ಅಂತಾಳೆ. ಅವನ ಮುಖ ಪೆಚ್ಚಾಗುತ್ತದೆ. ಸಿನಿಮಾ ಮುಗಿಯುತ್ತದೆ. ನನಗೆ ಇದು ಬಹಳ ಸರಿ ಅನ್ನಿಸುತ್ತದೆ. ಎಲ್ಲರೂ ಇವನೇ ಕಳ್ಳ ಅಂದಾಗ, ಸ್ವಂತ ಒಡವೆ ಕಳೆದುಕೊಂಡೂ ಅವನನ್ನು ನಂಬಿದ್ದು ಆ ಅಮ್ಮನೇ ಅಲ್ವಾ? ಜೆಸ್ಸಿ ರಾಯ್ಸ್ ಲ್ಯಾಂಡಿಸ್ ಅಮ್ಮನಾಗಿ ಬಂದಾಗಲೆಲ್ಲ ಪರದೆಗೆ ಜೀವ ಬರುತ್ತದೆ. 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಇದೇ ನಟಿ ಗ್ರಾಂಟ್‌ಗೆ ತಾಯಿಯಾಗಿದ್ದಾರೆ. ಇಬ್ಬರಿಗೂ ಇದ್ದ ಅಂತರ ಏಳೇ ವರ್ಷ! ಇನ್ನು ಆ ಮಾತಿನ ವಿಷಯ: ಫ್ರಾನ್ಸಸ್ ಈಗ ‘ಬೆಕ್ಕಿ’ನ ಕನಸು ಬಿಟ್ಟು, ತೋಟವಿರುವ ಮನುಷ್ಯನನ್ನು ಒಪ್ಪಿಕೊಂಡಿದ್ದಾಳೆ. ಒಪ್ಪಿಕೊಂಡ ಕೂಡಲೇ ಅಮ್ಮನ ಸಮೇತ ಸಂಸಾರ ಹೂಡಲು ಜಾಗ ನೋಡುತ್ತಿದ್ದಾಳೆ. ಪೊಲೀಸರ ಕೈಗೆ ಸಿಗದೆ ಓಡಾಡಿದವನು ಇಲ್ಲಿ ಸಿಕ್ಕಿಬಿದ್ದ.

ಪ್ರಶ್ನೆ: ಇದು ಇಷ್ಟವಾಯಿತು. ಮುಂದೆ ಯಾವುದು ನೋಡಲಿ?

ಹಿಚ್‌ಕಾಕ್ ಮತ್ತು ಗ್ರಾಂಟ್ ಸೇರಿ ಮಾಡಿದ್ದು ನಾಲ್ಕು ಸಿನಿಮಾ. ಇದಕ್ಕೆ ಮುಂಚಿನ ಎರಡನ್ನು ನೋಡಿ. 1941ರ ‘ಸಸ್ಪಿಷನ್’ನಲ್ಲಿ ಹೆಂಡತಿಗೆ ಗಂಡನ ಮೇಲೆ ಅನುಮಾನ, ಅವಳು ಭಯದಿಂದ ನಡುಗುತ್ತಾಳೆ. 1946ರ ‘ನಟೋರಿಯಸ್’ನಲ್ಲಿ ಗ್ರಾಂಟ್‌ಗೇ ಇಂಗ್ರಿಡ್ ಬರ್ಗ್‌ಮನ್ ಮೇಲೆ ನಂಬಿಕೆಯಿಲ್ಲ, ಅದರಿಂದ ಅವಳ ಜೀವಕ್ಕೇ ಕುತ್ತು ಬರುತ್ತದೆ. ಅನುಮಾನ ಮತ್ತು ಪ್ರೀತಿ ಒಂದೇ ಮನೆಯಲ್ಲಿದ್ದರೆ ಏನಾಗುತ್ತದೆ ಅನ್ನೋದು ಮೂರರಲ್ಲೂ ಇದೆ. ರಿವಿಯೆರಾದ ಬಿಸಿಲಿರೋದು ಇದೊಂದರಲ್ಲಿ ಮಾತ್ರ. ಮೊದಲು ‘ನಟೋರಿಯಸ್’ ನೋಡಿ, ಆಮೇಲೆ ‘ಸಸ್ಪಿಷನ್’. ನೋಡಿದ ಮೇಲೆ ಬರೆಯಿರಿ, ‘ಸಸ್ಪಿಷನ್’ನ ಕೊನೆಯ ಬಗ್ಗೆ ನಿಮ್ಮ ಜೊತೆ ಜಗಳವಾಡೋದಿದೆ.